ಬಿಳಿ ವೈನಿಗೆ ಹಸಿ ಪಚಡಿ

ಕಳೆದ ವಾರ ಮಟಮಟ ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಇಬ್ಬರು ಮರ್ಯಾದಸ್ಥ ಗೃಹಿಣಿಯರು ಬಾಗಿಲಿಗೆ ಚಿಲಕ ಹಾಕಿ, ಕಿಟಕಿಯ ಪರದೆ ಎಳೆದು, ವೈನ್ ಕುಡಿದರು. ಒಬ್ಬಳು ವಿಶಾಲಿ. ಇನ್ನೊಬ್ಬಳು, ಹೌದು, ನಾನೇ.

ಪತ್ರಿಕೆ ಕೆಳಗಿಡಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಮೈಸೂರಿನಲ್ಲಿರುವ ನಮ್ಮಮ್ಮನಿಗೆ ಚಾಡಿ ಹೇಳಿ. (ಅವರೂ ಈ ಅಂಕಣ ಓದುತ್ತಾರೆ. ಅಮ್ಮಾ, ನಮಸ್ಕಾರ.)

ವಿಶಾಲಿ ನಿಮಗೆ ಹೊಸಬಳು. ಎರಡು ವರ್ಷದ ಹಿಂದೆ ಇಲ್ಲಿ ಅಮೆರಿಕದಲ್ಲಿ ಗ್ಯಾಸಿಗೆ ಬರ ಬಂದಿತ್ತಲ್ಲ, ಆಗ ಪರಿಚಯವಾದವಳು. (ಗ್ಯಾಸ್ ಅಂದರೆ ಪೆಟ್ರೋಲು. ಇಲ್ಲಿಯವರಿಗೆ ಅದು ದ್ರವ ಅಂತ ಯಾರೂ ಹೇಳಿಲ್ಲ.) ನಮ್ಮ ಊರು ಓಲ್ಡ್ ಬ್ರಿಡ್ಜಿನ ಗ್ಯಾಸ್ ಸ್ಟೇಷನ್ನಿನ ಸಾಲಿನಲ್ಲಿ ಕಾರೊಳಗೆ ಚಳಿಗೆ ಮುದುಡಿ ಕೂತಿದ್ದೆ. ಮುಂದಿನ ಕಾರಿನ ಕಿಟಕಿಯಿಂದ ಒಂದು ದನಿ ಬಂತು: "ಏನ್ ಹಣೇಬರಾನೋ ಏನೋ, ಇಲ್ಲಿಗೆ ಬಂದ್ರೂ ಪಾಳಿ ಹಚ್ಚೋದ ತಪ್ಪಲಿಲ್ಲ!"

ಅಪ್ಪಟ ಧಾರವಾಡ! ನಾನು ಕಾರು ಬಿಟ್ಟು ಓಡಿದೆ. ಹಿಂದಿನವರು ಹಾರ್ನ್ ಬಾರಿಸಿದರು, ಬಾರಿಸಲಿ ಬಿಡಿ. ಅವತ್ತಿನಿಂದ ನಾವಿಬ್ಬರೂ ದಿನಕ್ಕೊಮ್ಮೆಯಾದರೂ ಫೋನಿನಲ್ಲಿ ಜಗಳವಾಡದೆ ಮಲಗಿಲ್ಲ. ಜಗಳ ಬಹುಪಾಲು ಅಡುಗೆಯದೇ. ನನ್ನ ಸಾರು ಅವಳಿಗೆ ಕಷಾಯ. ಅವಳ ಬದನೆಕಾಯಿ ಎಣ್ಣೆಗಾಯಿ ನನ್ನ ಕಣ್ಣಿಗೆ ಬೆಂಕಿ.

ಆದರೆ ಅಡುಗೆ ಅವಳಿಗೆ ಬರೀ ಮನೆಗೆಲಸವಲ್ಲ. ಧಾರವಾಡದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹೋಮ್ ಸೈನ್ಸ್ ಪಾಠ ಮಾಡುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಗಂಡ ಗುರುರಾಜ್ ಎಂಜಿನಿಯರು, ಇವಳು "ಗುರೂಸ್ ವೈಫ್". ಒಮ್ಮೆ ನನ್ನ ಮುಂದೆ ಹೇಳಿದ್ದಳು: "ಸರೋಜಾ ಅವ್ರ, ಇಲ್ಲೆ ಬಂದ ಮ್ಯಾಲೆ ನನ್ನ ಹೆಸರ ಹಿಡದು ಕರದವ್ರು ನೀವೊಬ್ರ ನೋಡ್ರಿ." ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಹಾಗಿರುವಾಗ ಒಂದು ಅವಕಾಶ ಬಂತು. ನಮ್ಮ ಊರಿನ ಹೈಸ್ಕೂಲಿನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಕ್ಲಾಸುಗಳು ನಡೆಯುತ್ತವೆ. ಟೈಪಿಂಗ್, ಹೊಲಿಗೆ, ಕಾರ್ ರಿಪೇರಿ, ಯೋಗ. (ಯೋಗ ಹೇಳಿಕೊಡುವವಳು ಅಮೆರಿಕದವಳು. ಕಲಿಯಲು ಹೋದವಳು ನಾನು. ಆ ಕಥೆ ಬೇಡ.) ಇವೆಲ್ಲವನ್ನೂ ನೋಡಿಕೊಳ್ಳುವ ಮಿಸೆಸ್ ಕಾನರ್ ಎಂಬ ಹೆಂಗಸನ್ನು ವಿಶಾಲಿ ಹೋಗಿ ಕೇಳಿದಳು: ಇಂಡಿಯನ್ ಸಸ್ಯಾಹಾರಿ ಅಡುಗೆ ಕಲಿಸಲೇ?

ಮಿಸೆಸ್ ಕಾನರ್ ಒಳ್ಳೆಯವರು. ಆದರೆ ಒಂದು ಅನುಮಾನ: ಮಾಂಸವಿಲ್ಲದ, ಖಾರದ ಅಡುಗೆ ಕಲಿಯಲು ಈ ಊರಿನಲ್ಲಿ ಯಾರು ಬರುತ್ತಾರೆ? ಅವರೇ ಒಂದು ಉಪಾಯ ಹೇಳಿದರು. ಈ ಸಂಜೆಯ ಅಡಲ್ಟ್ ಸ್ಕೂಲಿನಲ್ಲಿ ಅತಿ ಹೆಚ್ಚು ಜನ ಸೇರುವುದು ವೈನ್ ಕ್ಲಾಸಿಗೆ. ಅದರ ಕೊನೆಯ ದಿನ ಊಟ ಇರುತ್ತದೆ. ಈ ಸಲ ಅದರ ಅಡುಗೆ ನೀನು ಮಾಡು. ಮೇಷ್ಟ್ರೂ ವಿದ್ಯಾರ್ಥಿಗಳೂ ಮೆಚ್ಚಿದರೆ, ಸ್ಪ್ರಿಂಗ್ ಟರ್ಮಿನ ಬ್ರೋಷರಿನಲ್ಲಿ ನಿನ್ನ ಕ್ಲಾಸು, ನಿನ್ನ ಹೆಸರು.

ನಿನ್ನ ಹೆಸರು! ಅಷ್ಟು ಸಾಕಾಯಿತು ವಿಶಾಲಿಗೆ.

ವೈನ್ ಮೇಷ್ಟ್ರು ಫ್ರಾನ್ಸಿನವರು. ಎಲ್ಲರೂ ಮೊಸ್ಯೂ ರೆನೆ ಎನ್ನುತ್ತಾರೆ. (ಮೊಸ್ಯೂ ಅಂದರೆ ಫ್ರೆಂಚರ ಶ್ರೀಯುತ.) ಲುವಾರ್ ಎಂಬ ನದಿ ಸಮುದ್ರ ಸೇರುವ ಕಡೆ ಅವರ ಅಜ್ಜನ ದ್ರಾಕ್ಷಿತೋಟವಿತ್ತಂತೆ. ಅಲ್ಲಿಯ ವೈನಿನ ಹೆಸರು ಮಸ್ಕಡೇ. ಬಿಳಿ ವೈನು, ತಾಜಾ ಇರುವಾಗಲೇ ಕುಡಿಯಬೇಕಾದ್ದು. ಉಪ್ಪಿನಕಾಯಿಯ ಹಾಗೆ ವರ್ಷಗಟ್ಟಲೆ ಇಟ್ಟು ಕಾಯುವ ಪೈಕಿ ಅಲ್ಲ. ಕೊನೆಯ ಕ್ಲಾಸಿಗೆ ಅವರು ಅದನ್ನೇ ಗೊತ್ತು ಮಾಡಿದ್ದರು. ವಿಶಾಲಿಯ ಅಡುಗೆಯ ಸುದ್ದಿ ಕೇಳಿದ್ದೇ ತಡ, ಕೈ ಮೇಲಕ್ಕೆತ್ತಿದರಂತೆ.

"ಮದಾಂ, ನನ್ನ ವೈನಿಗೆ ಆಯ್ಸ್ಟರ್ ಬೇಕು. ಮೀನು ಬೇಕು. ಹೋಗಲಿ, ಆಡಿನ ಹಾಲಿನ ಚೀಸ್ ಆದರೂ ಸರಿ. ಇಂಡಿಯನ್ ಸ್ಪೈಸ್? ಇಟ್ ಈಸ್ ಮರ್ಡರ್!"

ಆಯ್ಸ್ಟರ್ ಅಂದರೆ ಏನೆಂದು ವಿಶಾಲಿ ನನ್ನನ್ನು ಕೇಳಿದಳು. ಚಿಪ್ಪಿನೊಳಗಿನ ಹುಳುವನ್ನು ಹಸಿಯಾಗಿಯೇ, ನಿಂಬೆರಸ ಹಿಂಡಿ, ನುಂಗುವುದು ಎಂದು ಹೇಳಿದೆ. ಅವಳು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು.

ಆದರೂ ಮೊಸ್ಯೂ ರೆನೆ ಕೆಟ್ಟವರಲ್ಲ. ನೀನೇ ರುಚಿ ನೋಡಿ ತೀರ್ಮಾನಿಸು ಎಂದು ಒಂದು ಬಾಟಲಿ ಕೊಟ್ಟು ಕಳಿಸಿದರು. ಈ ಬಾಟಲಿಯನ್ನು ವಿಶಾಲಿ ಮನೆಗೆ ಒಯ್ಯುವುದು ಹೇಗೆ? ಅವಳ ಅತ್ತೆ ಅಂಬಾಬಾಯಿ ಜೂನ್ ತಿಂಗಳಲ್ಲೇ ಬಂದಿದ್ದಾರೆ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಹೊರಡುವವರು. ಈರುಳ್ಳಿ ಹೆಚ್ಚಿದ ಚಾಕು ಕೂಡ ಬೇರೆ ಇಡಿಸುವ ಹೆಂಗಸು. ಹಾಗಾಗಿ ಬಾಟಲಿ ಟರ್ಕಿಶ್ ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂತು. ಜೊತೆಗೆ ಡಬ್ಬಿಗಳು: ಎಣ್ಣೆಗಾಯಿ, ಶೇಂಗಾ ಹಿಂಡಿ (ನಮ್ಮ ಕಡೆಯ ಮಾತಿನಲ್ಲಿ ಕಡಲೆಕಾಯಿ ಚಟ್ನಿಪುಡಿ), ಹುಳಿ.

ಇಬ್ಬರೂ ಹುಟ್ಟಿದಾಗಿನಿಂದ ಹೆಂಡದ ವಾಸನೆ ನೋಡಿದವರಲ್ಲ. ಬಿರಡೆ ತೆಗೆಯುವಷ್ಟರಲ್ಲೇ ಬೆವರಿದೆವು. ವಾಸನೆ ನೋಡಿದೆ. ಹಸಿರು ಸೇಬು ಹೆಚ್ಚಿದ ಹಾಗೆ! ಇಷ್ಟೇನಾ? ಇದಕ್ಕಾ ಇಷ್ಟು ಹೆದರಿದ್ದು?

"ನೀವ್ ಮೊದಲ ಕುಡೀರಿ, ನಿಮ್ಮ ಮನಿ," ಎಂದಳು ವಿಶಾಲಿ.

"ನೀವೇ ಕುಡೀರಿ, ನಿಮ್ಮ ಬಾಟ್ಲಿ," ಎಂದೆ.

ಒಂದೇ ಸಲ ಕುಡಿದೆವು. ಹುಳಿ, ತಣ್ಣಗೆ, ನಾಲಿಗೆಯ ತುದಿಯಲ್ಲಿ ಒಂಚೂರು ಉಪ್ಪಿನ ನೆನಪು. ಕೆಟ್ಟದ್ದೇನಲ್ಲ. ಈಗ ಎಣ್ಣೆಗಾಯಿಯ ಜೊತೆ. ಅಯ್ಯಯ್ಯೋ! ಖಾರ ಒಂದಕ್ಕೆ ನಾಲ್ಕಾಗಿ ಕಿವಿಯಿಂದ ಹೊಗೆ ಬಂತು. ವೈನ್ ಎಲ್ಲಿ ಹೋಯಿತೋ ಪತ್ತೆಯೇ ಇಲ್ಲ. ಹುಳಿಯ ಜೊತೆ ಕುಡಿದರೆ ತಗಡು ನೆಕ್ಕಿದ ಹಾಗೆ. ಶೇಂಗಾ ಹಿಂಡಿಯ ಜೊತೆ ಏನಾಯಿತೆಂದು ನಾನು ಬರೆಯುವುದಿಲ್ಲ, ಮರ್ಯಾದಸ್ಥರು ಓದುವ ಪತ್ರಿಕೆ ಇದು.

ವಿಶಾಲಿ ಕುರ್ಚಿಯ ಮೇಲೆ ಕುಸಿದಳು. ಕಣ್ಣಲ್ಲಿ ನೀರು, ಅರ್ಧ ಖಾರಕ್ಕೆ, ಅರ್ಧ ನಿಜವಾಗಿ.

"ಆ ಮನಶ್ಯಾ ಹೇಳಿದ್ದು ಖರೇನ ಐತಿ. ನಮ್ಮ ಅಡಿಗಿ ಇವ್ರ ಮುಂದ ನಡಿಯೂದಿಲ್ಲ. ನಾ ಇನ್ನ ಗುರೂಸ್ ವೈಫ್ ಆಗೇ ಇರೋದು."

ಹಾಳಾಗಲಿ, ಊಟವನ್ನಾದರೂ ಮಾಡೋಣ ಎಂದು ಬೆಳಿಗ್ಗೆ ಮಾಡಿಟ್ಟ ಹೆಸರುಬೇಳೆ ಕೋಸಂಬರಿ ತೆಗೆದೆ. ಸೌತೆಕಾಯಿ, ತೆಂಗಿನತುರಿ, ನಿಂಬೆರಸ. ತೆಂಗಿನತುರಿ ಫ್ರೀಜರಿನದು, ಬೇಳೆ ನ್ಯೂಯಾರ್ಕಿನಿಂದ ಬಸ್ಸಿನಲ್ಲಿ ಹೊತ್ತು ತಂದದ್ದು. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಗಂಟಲು ಕೆರೆಯಿತು. ಕೈಗೆ ಸಿಕ್ಕಿದ್ದು ವೈನಿನ ಲೋಟ. ಕುಡಿದೆ.

ಓದುಗರೇ, ನಾನು ಕಿರುಚಿದೆ!

"ಏನಾತ್ರೀ? ಹಲ್ಲೀ ಬಿತ್ತೇನ?"

"ಮಾತಾಡಬೇಡಿ. ತಿನ್ನಿ. ಈಗ ಕುಡೀರಿ."

ತಿಂದಳು. ಕುಡಿದಳು. ಕಣ್ಣು ದೊಡ್ಡದಾಯಿತು. ಮತ್ತೆ ತಿಂದಳು. ವೈನ್ ಕೋಸಂಬರಿಯನ್ನು ಎತ್ತುತ್ತಿತ್ತು, ಕೋಸಂಬರಿ ವೈನನ್ನು. ನಿಂಬೆಯ ಹುಳಿಗೆ ಅದರ ಹುಳಿ, ಸೌತೆಯ ತಂಪಿಗೆ ಅದರ ತಂಪು, ತೆಂಗಿನ ಸಿಹಿ ನಡುವೆ ಮಧ್ಯಸ್ಥಿಕೆಗೆ. ಮೂವತ್ತು ವರ್ಷದಿಂದ ರಾಮನವಮಿಗೆ ನಾನು ತಿನ್ನುತ್ತಿರುವುದು ಇದನ್ನೇನಾ ಅನ್ನಿಸಿತು!

ಆಮೇಲೆ ನಮ್ಮನ್ನು ಹಿಡಿಯುವವರು ಯಾರು? ಫ್ರಿಜ್ಜಿನಲ್ಲಿದ್ದದ್ದೆಲ್ಲ ಮೇಜಿನ ಮೇಲೆ. ಶುಂಠಿ ಹಾಕಿದ ಮೊಸರನ್ನ: ಪಾಸ್. ಆಂಬೊಡೆ, ಎಣ್ಣೆಯಲ್ಲಿ ಕರಿದದ್ದು: ಫಸ್ಟ್ ಕ್ಲಾಸ್, ಕರಿದ ಜಿಡ್ಡನ್ನು ವೈನ್ ಗುಡಿಸಿಕೊಂಡು ಹೋಗುತ್ತದೆ. ಮಾವಿನಕಾಯಿ ಉಪ್ಪಿನಕಾಯಿ: ಫೇಲ್. ಸಿಹಿ ಉಂಡೆ: ದೊಡ್ಡ ಫೇಲ್, ವೈನ್ ವಿನಿಗರ್ ಆಯಿತು. ಸ್ಕೂಲಿನಿಂದ ಬಂದ ಮಗಳು ಸುಮ ಬಾಗಿಲು ಬಡಿದು, ಒಳಗೆ ಬಂದು, ಮೇಜು ನೋಡಿ, "ಅಮ್ಮಾ, ಆರ್ ಯು ಡ್ರಂಕ್?" ಎಂದಳು. ಇಲ್ಲ ಕಣೇ, ರಿಸರ್ಚು ಎಂದೆ. ನಿಜ ಹೇಳಬೇಕೆಂದರೆ ಎರಡೂ.

ಒಂದು ವಿಷಯ ನನಗೆ ಆಗ ಹೊಳೆಯಿತು. ನಾವು ಎಲೆ ಹಾಕಿ ಬಡಿಸುತ್ತೇವಲ್ಲ, ಅಲ್ಲಿ ಮಧ್ಯೆ ಕೂರುವ ದೊಡ್ಡವರು ಯಾರೂ ಈ ವೈನಿಗೆ ಆಗುವುದಿಲ್ಲ. ಹುಳಿ, ಸಾರು, ಗೊಜ್ಜು, ಎಲ್ಲರೂ ಔಟ್. ಆಗುವುದು ಬಹುಪಾಲು ಎಲೆಯ ಮೇಲ್ತುದಿಗೆ ಒಂದು ಚಮಚ ಬಡಿಸಿ ಮರೆತುಬಿಡುವ ಪದಾರ್ಥಗಳು. ಯಾರಾದರೂ ಮದುವೆಮನೆಯಿಂದ ಬಂದು ಕೋಸಂಬರಿ ಹೇಗಿತ್ತೆಂದು ಹೇಳಿದ್ದುಂಟಾ?

ಇಷ್ಟು ಖುಷಿಯಾಗಿ ಹೇಳಿದರೆ ವಿಶಾಲಿ ಮುಖ ದಪ್ಪ ಮಾಡಿದಳು. "ಅಂದ್ರ ನಿಮ್ಮ ಮೈಸೂರ ಕೋಸಂಬ್ರಿ ಕಲಸಾಕ ನಾ ಕ್ಲಾಸ್ ತೊಗೋಬೇಕೇನು? ನಮ್ಮ ಕಡೆ ಏನೂ ಇಲ್ಲಂತ ತಿಳದೀರೇನು?" ಎಂದವಳೇ ಟವೆಲು ಮಡಚಿಕೊಂಡು ಹೊರಟಳು. ಅರ್ಧ ಗಂಟೆಗೆ ಫೋನು.

"ಪಚಡಿ!" ಎಂದು ಕೂಗಿದಳು. "ನಮ್ಮ ಹಸಿ ಪಚಡಿ! ಅತ್ತಿಯವ್ರು ಹಿತ್ತಲದಾಗ ಮೆಂತೆ ಬೆಳಸ್ಯಾರ. ಎಳಿ ಮೆಂತೆಸೊಪ್ಪು, ಮೂಲಂಗಿ, ಸೌತಿಕಾಯಿ, ಮ್ಯಾಲೆ ಶೇಂಗಾ ತರಿ, ಲಿಂಬಿ. ಜೊತಿಗೆ ಬೆಣ್ಣಿ ಹಚ್ಚಿದ ತಾಲಿಪೆಟ್ಟು. ಬಾಟ್ಲಿ ಮುಗಿಸೀರೋ ಉಳದದೋ?"

ಉಳಿದಿತ್ತು. (ಬಹಳವಲ್ಲ.) ಮರುದಿನ ನೋಡಿದೆವು. ಮೆಂತ್ಯದ ಸಣ್ಣ ಕಹಿಗೆ ವೈನ್ ತಾನೇ ಮುಂದೆ ಬಂದು ಕೈಹಿಡಿಯಿತು. ನನ್ನ ಕೋಸಂಬರಿಗಿಂತ ಒಂದು ಕೈ ಮೇಲೆಯೇ ಇತ್ತು. ಇದನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ಮೈಸೂರಿನವಳಾದ ನನಗೆ ಎಷ್ಟು ಕಷ್ಟವೆಂದು ನಿಮಗೆ ಗೊತ್ತಿರಲಿ.

ಶನಿವಾರ ಬಂತು. ವೈನ್ ಕ್ಲಾಸು ಸ್ಕೂಲಿನಲ್ಲಿ ನಡೆಯುವುದಿಲ್ಲ, ಮಕ್ಕಳು ಓದುವ ಕಡೆ ಬಾಟಲಿ ತೆರೆಯುವಂತಿಲ್ಲ. ಊರಿನ ಫೈರ್ ಹೌಸಿನ ದೊಡ್ಡ ಹಾಲ್‌ನಲ್ಲಿ ನಡೆಯುತ್ತದೆ, ಕೆಂಪು ಫೈರ್ ಇಂಜಿನ್ನಿನ ಪಕ್ಕದಲ್ಲೇ. (ಖಾರ ಹೆಚ್ಚಾದರೆ ಅನುಕೂಲ.) ನಾನು ಬಡಿಸಲು ಮೊದಲೇ ಹೋಗಿದ್ದೆ. ವಿಶಾಲಿಯ ಸ್ಟೇಷನ್ ವ್ಯಾಗನ್ ಬಂತು. ಹಿಂದಿನ ಬಾಗಿಲು ತೆರೆಯಿತು. ಇಳಿದವರು ಯಾರು? ಇಳಕಲ್ ಸೀರೆ, ಮೇಲೆ ಮಗನ ಓವರ್‌ಕೋಟು, ಕೈಯಲ್ಲಿ ತಮ್ಮದೇ ನೀರಿನ ತಂಬಿಗೆ. ಅಂಬಾಬಾಯಿ!

"ನಮ್ಮ ಮನಿಯವ್ರಿಗೆ ಪ್ಲಾಂಟಿನಿಂದ ಫೋನ್ ಬಂತು, ಹೋದ್ರು," ವಿಶಾಲಿ ನನ್ನ ಕಿವಿಯಲ್ಲಿ ಉಸುರಿದಳು. ಮುಖ ಬಿಳಚಿತ್ತು. "ಅತ್ತಿಯವ್ರ ಒಬ್ಬರನ್ನ ಬಿಟ್ಟು ಹೆಂಗ ಬರ್ಲಿ? ಅಡಿಗಿ ಕ್ಲಾಸ್ ಅಂತ ಅಷ್ಟ ಹೇಳೀನಿ."

ಮೇಜಿನ ಮೇಲೆ ಸಾಲಾಗಿ ಬಾಟಲಿಗಳು. ಅಂಬಾಬಾಯಿ ನೋಡಿದರು. "ಅದೇನವಾ ಅದು?"

"ದ್ರಾಕ್ಷಿ ರಸ, ಅಮ್ಮಾ," ಎಂದೆ ನಾನು. ಸುಳ್ಳೇನಲ್ಲವಲ್ಲ?

ಮೂಲೆಯ ಕುರ್ಚಿಯಲ್ಲಿ ಕೂರಿಸಿದೆವು. ಊಟ ಶುರುವಾಯಿತು. ಇಲ್ಲಿ ವಿಶಾಲಿ ಒಂದು ಕೆಲಸ ಮಾಡಿದಳು, ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ನನಗೆ ಹೇಳದೆ ಎಣ್ಣೆಗಾಯಿ ಮಾಡಿ ತಂದಿದ್ದಳು! ಅದನ್ನೇ ಮೊದಲು ಬಡಿಸಿದಳು! ಇಟಾಲಿಯನ್ ಅಂಗಡಿಯಲ್ಲಿ ಪುಟ್ಟ ಬದನೆಕಾಯಿ ಸಿಕ್ಕವಂತೆ, ಮನಸ್ಸು ತಡೆಯಲಿಲ್ಲವಂತೆ. ಹಟಮಾರಿ ಹೆಣ್ಣು. ಧಾರವಾಡದವರಿಗೆ ಬುದ್ಧಿ ಹೇಳಿ ಗೆದ್ದವರುಂಟಾ?

ಮೊಸ್ಯೂ ರೆನೆ ತಿಂದರು. ವೈನ್ ಗುಟುಕರಿಸಿದರು. ಮುಖ ಕೆಂಪಗಾಯಿತು, ಲೋಟ ಕೆಳಗಿಟ್ಟರು. "ಮದಾಂ, ಐ ಆಮ್ ಸಾರಿ. ಮೈ ವೈನ್ ಈಸ್ ಡೆಡ್."

ಇಬ್ಬರು ಹೆಂಗಸರು ಕರ್ಚೀಫಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಿಸೆಸ್ ಕಾನರ್ ಕಿಟಕಿಯ ಕಡೆ ನೋಡಿದರು. ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ. ಆದರೆ ವಿಶಾಲಿ ನಿಂತಲ್ಲಿಂದ ಅಲುಗಲಿಲ್ಲ. ಕಾಲೇಜಿನ ಕ್ಲಾಸಿನಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೆ ಸೆರಗು ಸಿಕ್ಕಿಸಿಕೊಂಡು, ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದಳು: "ಈ ಪದಾರ್ಥಕ್ಕೆ ನಿಮ್ಮ ವೈನ್ ಹೊಂದುವುದಿಲ್ಲ ಅಂತ ನನಗೂ ಗೊತ್ತಿತ್ತು. ಯಾಕೆ ಹೊಂದುವುದಿಲ್ಲ ಎನ್ನುವುದು ಮೊದಲನೆಯ ಪಾಠ. ಈಗ ಎರಡನೆಯದು."

ಓಹೋ! ಇವಳೇನಾ ನನ್ನ ಅಡುಗೆಮನೆಯಲ್ಲಿ ಅತ್ತವಳು? ಪಚಡಿ ಬಂತು, ಬಿಸಿ ತಾಲಿಪೆಟ್ಟಿನ ತುಣುಕುಗಳು ಬಂದವು. ಮೊಸ್ಯೂ ರೆನೆ ಅನುಮಾನದಿಂದ ಒಂದು ಎಲೆ ಕಚ್ಚಿದರು. ಒಂದು ಗುಟುಕು ಕುಡಿದರು. ಇನ್ನೊಂದು ಫೋರ್ಕ್ ತುಂಬ ತಿಂದರು. ಲೋಟ ಖಾಲಿ ಮಾಡಿದರು. ತಾವೇ ಹೋಗಿ ಬೋಗುಣಿಯಿಂದ ಮತ್ತೆ ಬಡಿಸಿಕೊಂಡರು. ಒಬ್ಬ ಮೇಷ್ಟ್ರು ಇದಕ್ಕಿಂತ ಹೆಚ್ಚು ಏನು ಹೇಳಬೇಕು?

ಇಡೀ ಹಾಲ್ ಗಲಗಲ ಎಂದಿತು. ಇಷ್ಟರಲ್ಲಿ ಮೂಲೆಯಲ್ಲಿ ಅಂಬಾಬಾಯಿಗೆ ಬಾಯಾರಿತು. ತಂಬಿಗೆ ಎತ್ತಿದರು, ತಲೆ ಹಿಂದಕ್ಕೆ ಬಾಗಿಸಿದರು, ಗೇಣುದ್ದ ಮೇಲಿನಿಂದ ನೀರನ್ನು ಗಟಗಟ ಬಾಯಿಗೆ ಸುರಿದುಕೊಂಡರು. ತುಟಿಗೆ ತಾಗಿಸಿದರೆ ಎಂಜಲಲ್ಲವೇ? ಒಂದು ಹನಿ ಹೊರಗೆ ಬೀಳಲಿಲ್ಲ.

"ಆ ಲಾ ರೆಗಲಾದ್!" ಎಂದು ಮೊಸ್ಯೂ ರೆನೆ ಚೀರಿದರು.

ನಾನು ಹೆದರಿ ಚಮಚ ಬೀಳಿಸಿದೆ. ಮುದುಕಿಯ ಹತ್ತಿರ ಓಡಿಹೋಗಿ ಮೊಣಕಾಲೂರಿ ಕೂತರು ಮಹಾನುಭಾವ. ವಿಷಯವೇನೆಂದರೆ, ಅವರ ಅಜ್ಜನ ತೋಟದಲ್ಲಿ ದ್ರಾಕ್ಷಿ ಕೊಯ್ಯುವಾಗ ಆಳುಗಳೆಲ್ಲರಿಗೂ ಸೇರಿ ಒಂದೇ ಬಾಟಲಿ ಇರುತ್ತಿತ್ತಂತೆ. ಒಬ್ಬರ ಎಂಜಲು ಇನ್ನೊಬ್ಬರಿಗೆ ಆಗಬಾರದೆಂದು ಹೀಗೇ ಎತ್ತಿ ಕುಡಿಯುತ್ತಿದ್ದರಂತೆ. ಅದಕ್ಕೆ ಅವರಲ್ಲಿ ಆ ಲಾ ರೆಗಲಾದ್ ಅಂತ ಹೆಸರೇ ಇದೆ! ಫ್ರಾನ್ಸಿನಲ್ಲೂ ಮಡಿಯೇ? ನನಗೆ ನಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

ಮೊಸ್ಯೂ ಒಂದು ಬಾಟಲಿ ತೆಗೆದು ಎತ್ತಿ ಕುಡಿದು ತೋರಿಸಿದರು. ಅರ್ಧ ವೈನ್ ಅವರ ಕೋಟಿನ ಮೇಲೆ. ಕ್ಲಾಸಿನವರೆಲ್ಲ ಎದ್ದರು. ಕಾಲಿರುವ ಆ ಗಾಜಿನ ಲೋಟ ಎತ್ತಿ ಸುರಿದುಕೊಂಡರೆ ಏನಾಗುತ್ತದೆ ನೀವೇ ಯೋಚಿಸಿ. ಮಿಸೆಸ್ ಕಾನರ್ ಮೂಗಿಗೇ ಹೊಯ್ದುಕೊಂಡರು. ನೋಡಿ ನೋಡಿ ಅಂಬಾಬಾಯಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ಮಿಸೆಸ್ ಕಾನರ್ ಅವರ ಗದ್ದ ಹಿಡಿದು ಮೇಲೆತ್ತಿದರು.

"ಹಂಗಲ್ಲವಾ. ಕುತಗಿ ಹಿಂದ ಚೆಲ್ಲು. ಗುಟುಕು ನುಂಗಬ್ಯಾಡ, ಹಂಗ ಇಳೀಲಿ. ತುಟಿ ಹಚ್ಚಬ್ಯಾಡ ಅಂದೆ!"

ಒಂದು ಅಕ್ಷರ ಕನ್ನಡ ಬಾರದ ಮಿಸೆಸ್ ಕಾನರ್ ಎಲ್ಲವನ್ನೂ ಅರ್ಥ ಮಾಡಿಕೊಂಡು, ಸರಿಯಾಗಿ ಕುಡಿದು, ಚಪ್ಪಾಳೆ ಗಿಟ್ಟಿಸಿದರು. (ಸ್ಪ್ರಿಂಗ್ ಕ್ಲಾಸಿಗೆ ಈ ಅಜ್ಜಿಯೂ ಇರಲೇಬೇಕು ಎಂದು ಮೊಸ್ಯೂ ರೆನೆ ಕೂಗಿದ್ದನ್ನು ನಾನೇ ಅಂಬಾಬಾಯಿಗೆ ಕನ್ನಡದಲ್ಲಿ ಹೇಳಿದೆ.) ಮಿಸೆಸ್ ಕಾನರ್ ಮುಖ ಒರೆಸಿಕೊಂಡು ವಿಶಾಲಿಯ ಕಡೆ ತಿರುಗಿದರು. "ಬ್ರೋಷರ್ ಪ್ರಿಂಟಿಗೆ ಹೋಗಬೇಕು. ನಿನ್ನ ಹೆಸರಿನ ಸ್ಪೆಲ್ಲಿಂಗ್ ಹೇಳು." ವಿಶಾಲಿ ಒಂದೊಂದೇ ಅಕ್ಷರ ಹೇಳಿದಳು. ವಿಶಾಲಾಕ್ಷಿ, ಪೂರ್ತಿ. ಆಗ ನನ್ನ ಕಣ್ಣು ತುಂಬಿತು, ಅದಕ್ಕೆ ಎಣ್ಣೆಗಾಯಿ ಕಾರಣವಲ್ಲ.

ವಾಪಸು ಬರುವಾಗ ಮೂವರೂ ಅವಳ ಕಾರಿನಲ್ಲೇ ಬಂದೆವು. ನನ್ನ ಕಾರು ಅಲ್ಲೇ ಬಿಟ್ಟೆ. (ಯಾಕೆಂದು ಕೇಳಬೇಡಿ. ಡ್ರೈವ್ ಮಾಡಿದವಳು ವಿಶಾಲಿ. ಗಾಬರಿಯಲ್ಲಿ ಅವಳು ಒಂದು ಹನಿಯೂ ಕುಡಿದಿರಲಿಲ್ಲ.) ಹಿಂದಿನ ಸೀಟಿನಲ್ಲಿ ಅಂಬಾಬಾಯಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅರ್ಧ ದಾರಿ ಕಳೆದ ಮೇಲೆ ಬಾಯಿ ಬಿಟ್ಟರು.

"ದ್ರಾಕ್ಷಿ ರಸ ಕುಡದು ಮಂದಿ ಅಷ್ಟ ನಗ್ತಾರೇನವಾ, ಸರೋಜಾ?"

ನಾನು ಕಿಟಕಿಯ ಹೊರಗೆ ನೋಡಿದೆ. ವಿಶಾಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಳು.

"ಇರಲಿ. ನಾ ಏನ್ ಸಣ್ಣಾಕಿ ಅಲ್ಲ. ಅವ್ರ ಊರಾಗ ಅವ್ರ ರೀತಿ. ನಮ್ಮ ಮೆಂತೆಸೊಪ್ಪಿಗೆ ಮರ್ಯಾದಿ ಕೊಟ್ರಲ್ಲ, ಅಷ್ಟ ಸಾಕು," ಎಂದರು. ವಿಶಾಲಿ ಉಸಿರು ಬಿಟ್ಟಳು. ನಾನೂ ಬಿಟ್ಟೆ. ಎಂಥ ಅತ್ತೆ! ಎಂಥ ದೊಡ್ಡ ಮನಸ್ಸು! ತಿರುಗಿ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು.

"ಆದ್ರ ವಿಶಾಲೀ, ಒಂದ್ ಮಾತು," ಅಂಬಾಬಾಯಿ ಮುಂದುವರಿಸಿದರು. "ಅಡಿಗಿ ನೀ ಮಾಡ್ತಿ, ಖರೆ. ಖಾರದ ಹಿಡತ ನಿನಗಿಲ್ಲ. ಆ ಫ್ರೆಂಚ್ ಮನಶ್ಯಾನೂ ಅಂದನಲ್ಲ, ಸ್ಪ್ರಿಂಗ್ ಕ್ಲಾಸಿಗೆ ನಾನೂ ಇರಬೇಕಂತ. ಗುರೂಗ ಹೇಳು, ನನ್ನ ಟಿಕೀಟು ಮುಂದ ಹಾಕಲಿ. ಮೇ ತಿಂಗಳ ತನಕಾ ನಾ ಇಲ್ಲೇ ಇರ್ತೀನಿ. ಇಬ್ರೂ ಸೇರಿ ಕಲಿಸೂಣು."

ಕಾರು ಒಂದು ಕ್ಷಣ ಪಕ್ಕದ ಲೇನಿಗೆ ಹೋಗಿ ಬಂತು.

ಫ್ರಾನ್ಸಿನ ಬಿಳಿ ವೈನಿಗೆ ಏನು ಹೊಂದುತ್ತದೆ ಎಂದು ಈಗ ನನ್ನನ್ನು ಯಾರು ಬೇಕಾದರೂ ಕೇಳಿ, ಥಟ್ಟನೆ ಹೇಳುತ್ತೇನೆ. ಆದರೆ ಒಂದೇ ಒಲೆಯ ಮುಂದೆ ಅತ್ತೆ ಸೊಸೆ ಇಬ್ಬರೂ ಟೀಚರುಗಳಾಗಿ ನಿಂತರೆ, ಅದರ ಜೊತೆ ಏನು ಕುಡಿಯಬೇಕು, ಮೊಸ್ಯೂ ರೆನೆ?